ಬಿತ್ತದ ಗೋಧಿ

ಅಕ್ಟೋಬರ್ ಮೊದಲ ವಾರ ಸರ್ಕಾರದ ದುಡ್ಡು ಬರುತ್ತದೆ
ಕ್ಯಾನ್ಸಸ್ಸಿನ ಪಡುವಣ ಅಂಚಿನ ನಮ್ಮ ಕೌಂಟಿಗೆ.
ಮಳೆಯಂತಲ್ಲ, ಹೇಳಿದ ದಿನಕ್ಕೆ.
ಅಂದು ಡೀಸೆಲ್ ಬಾಕಿ ತೀರುತ್ತದೆ,
ಕೆಫೆಯಲ್ಲಿ ಚೆರ್ರಿ ಪೈ ಹತ್ತೂವರೆಗೇ ಖಾಲಿ,
ಮತ್ತು ಯಾರೂ ಯಾರ ಮುಖವನ್ನೂ ನೇರ ನೋಡುವುದಿಲ್ಲ.
ಯಾರಿಗೆಷ್ಟು ಬಂತೆಂದು ಎಲ್ಲರಿಗೂ ಗೊತ್ತು.

ನಾನು ಆ ಕಚೇರಿಯ ಗುಮಾಸ್ತೆ, ಡೊರೀನ್ ವಾಸಿಂಗರ್.
ಇಪ್ಪತ್ತೊಂಬತ್ತು ವರ್ಷ, ಅದೇ ಕೌಂಟರು, ಅದೇ ಸ್ಟೇಪ್ಲರು.
ಹೊಸ ಹುಡುಗರು ಕೆಲಸಕ್ಕೆ ಸೇರಿದರೆ ಮೊದಲ ಪಾಠ ನನ್ನದೇ:
ದುಡ್ಡು ಬೆಳೆಗಲ್ಲಪ್ಪ, ಬೆಳೆಯ ನೆನಪಿಗೆ.
ಎಂಬತ್ತರ ದಶಕದಲ್ಲಿ ಯಾರದೋ ಅಜ್ಜ ಗೋಧಿ ಬಿತ್ತಿದ್ದನೆ?
ಹಾಗಾದರೆ ಅಲ್ಲಿ ಇವತ್ತಿಗೂ ಗೋಧಿ ಇದೆ, ಕಾಗದದಲ್ಲಿ.
ಈಗ ಜೋಳ ಇರಲಿ, ಸೂರ್ಯಕಾಂತಿ ಇರಲಿ,
ಬರಿ ಗಾಳಿ ಉಳುತ್ತಿರಲಿ, ನಮಗೇನು.
ಬಿತ್ತದೆ ಬೀಳು ಬಿಡುವುದಕ್ಕೂ ಬೇರೆ ಫಾರಂ ಇದೆ,
ಹತ್ತು ವರ್ಷದ ಕರಾರು, ಹುಲ್ಲಿಗೆ ಬಾಡಿಗೆ.
ಡೆನ್ವರಿನ ದಂತವೈದ್ಯರೊಬ್ಬರು ಹಾಗೆ
ಆರುನೂರು ಎಕರೆ ಹುಲ್ಲನ್ನು
ಒಮ್ಮೆಯೂ ನೋಡದೆ ಬೆಳೆಸಿದ್ದಾರೆ.

ಮಾರ್ಚಿನಲ್ಲಿ ಹೊಸ ವಿಮಾನಚಿತ್ರಗಳು ಬಂದವು.
ಹಳೆಯ ಹದ್ದಿನ ಮೇಲೆ ಹೊಸ ಗೆರೆ ಕೂರಿಸುವ ಕೆಲಸ,
ಮೌಸ್ ಹಿಡಿದು ಹೊಲದ ಅಂಚು ಸವರುತ್ತ ಸವರುತ್ತ.
ಲೆಗ್ಲೈಟರ್ ಮುದುಕನ ಒಂಬತ್ತನೇ ತಾಕಿನಲ್ಲಿ
ಮೂಲೆ ಕೂಡಲಿಲ್ಲ. ಹತ್ತಿರಕ್ಕೆ ಎಳೆದೆ.
ಗೋಧಿಯ ಸಾಲಿರಬೇಕಾದಲ್ಲಿ ಬೇರೆ ಸಾಲು,
ಗಿಡ್ಡ ಗಿಡ್ಡ ನೆರಳು, ಕಲ್ಲಿಗೊಂದು.
ಸೇಂಟ್ ಬೋನಿಫೇಸ್ ಚರ್ಚಿನ ಗೋರಿಗಳು
ಬೇಲಿ ದಾಟಿ ಬಂದಿದ್ದವು, ಎರಡು ದಶಾಂಶ ಮೂರು ಎಕರೆ.
ತೊಂಬತ್ತೊಂದರಲ್ಲಿ, ಒಳಗೆ ಜಾಗ ಸಾಲದೆ,
ಅವನೇ ಬಿಟ್ಟುಕೊಟ್ಟದ್ದು. ಬಾಯಿಮಾತಿನಲ್ಲಿ.
ಅಂದಿನಿಂದ ಆ ಗೋಧಿಗೂ ನಾವು ದುಡ್ಡು ಕಟ್ಟಿದ್ದೇವೆ,
ವರ್ಷಕ್ಕೆ ಹದಿನಾರು ಡಾಲರು,
ಧಾರಣೆ ಕುಸಿದ ವರ್ಷ ಇಪ್ಪತ್ತೆರಡು.

ಆ ಗೋಧಿಯಲ್ಲಿ ನನ್ನ ಅಮ್ಮನಿದ್ದಾಳೆ.
ಮೂರನೇ ಸಾಲು, ಬೂದು ಕಲ್ಲು.
ಪ್ರತಿ ಮೇ ತಿಂಗಳು ಹೂವಿಟ್ಟು ಬಂದವಳು ನಾನು.
ನಿಂತಿದ್ದು ಒಂಬತ್ತನೇ ತಾಕಿನಲ್ಲೆಂದು
ಒಂದು ದಿನವೂ ಹೊಳೆದಿರಲಿಲ್ಲ.

ನಿಯಮವೆಂದರೆ ನಿಯಮ. ಪತ್ರ ಬರೆದೆ.
ಹೆಚ್ಚುವರಿ ಪಾವತಿ, ಕಳೆದ ಐದು ವರ್ಷದ್ದು,
ಎಂಬತ್ತೇಳು ಡಾಲರು, ಮೂವತ್ತು ದಿನ ಗಡುವು,
ಮೇಲ್ಮನವಿಗೆ ವಿಳಾಸ ಕೆಳಗಿದೆ.
ಬರೆಯುವಾಗ ಕೈ ನಡುಗಿತು ಅನ್ನಲಾರೆ.
ನಡುಗಲಿಲ್ಲ. ಆಮೇಲೆ ಕಾಡಿದ್ದು ಅದೇ.

ಎಮೆರಿಕ್ ಲೆಗ್ಲೈಟರ್ ಶುಕ್ರವಾರ ಬಂದ,
ಬೂಟಿನ ಕೆಸರು ಹೊರಗೇ ಕೆರೆದು, ಟೋಪಿ ತೆಗೆದು.
ಚೆಕ್ಕು ಮನೆಯಲ್ಲೇ ಬರೆದು ತಂದಿದ್ದ.
ಹಿಂದೊಮ್ಮೆ ಇದೇ ಕೌಂಟರಿಗೆ ಗುದ್ದಿದ್ದ ಮನುಷ್ಯ,
ಅಣ್ಣನ ಮಗನಿಗೆ ತನಗಿಂತ ಒಂಬತ್ತು ಸಾವಿರ ಹೆಚ್ಚು ಬಂತೆಂದು.
“ಚಿತ್ರ ತೋರಿಸು,” ಅಂದ.
ಪರದೆ ತಿರುಗಿಸಿದೆ.
ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ,
ಪೈರಿನಲ್ಲಿ ಕಳೆ ಹುಡುಕುವ ಕಣ್ಣಿನಿಂದ ಹುಡುಕಿದ.
“ಇವಳು ಅಗಾಥಾ.” ಬೆರಳಿಟ್ಟ.
“ಪಕ್ಕ ಖಾಲಿ ಇದೆಯಲ್ಲ, ಅದು ನನ್ನದು.
ಅದನ್ನೂ ಕಳೆದಿದ್ದೀಯಾ ಲೆಕ್ಕದಲ್ಲಿ?”
ಕಳೆದಿದ್ದೆ.
“ಅದಿನ್ನೂ ಹೊಲವೇ ಕಣಮ್ಮ.”

ನಾಲ್ಕಡಿ, ಹತ್ತಡಿ. ಎಕರೆಯ ನೂರನೇ ಪಾಲಿಗಿಂತ ಕೆಳಗೆ
ನಮ್ಮ ಯಂತ್ರ ಎಣಿಸುವುದಿಲ್ಲ ಎಂದು ಹೇಳಿದೆ.
ನಕ್ಕನೋ, ಕೆಮ್ಮಿದನೋ.
ಚಿತ್ರದ ಪ್ರತಿ ಬೇಕೆಂದ. ಪ್ರತಿಗೆ ಒಂದು ಡಾಲರು.
ಬೇಡ ಇರಲಿ ಅಂದೆ. ಒಪ್ಪಲಿಲ್ಲ,
ನಾಲ್ಕು ಪಾವಲಿ ಎಣಿಸಿಟ್ಟು ರಸೀದಿಗೆ ಕಾದು ನಿಂತ.
ಮಡಿಸಿ ಟೋಪಿಯೊಳಗಿಟ್ಟು ಹೊರಳಿದರೆ
ಹಿಂದೆ ನಿಂತವನು ಅವನ ಅಣ್ಣನ ಮಗ,
ಕೈಯಲ್ಲಿ ಹುಲ್ಲಿನ ಫಾರಮ್ಮು.
ಗಾಳಿಯ ವಿಷಯ ಎರಡು ಮಾತಾಡಿದರು, ಬಡಗಣ ಗಾಳಿ,
ಇನ್ನೂ ಮೂರು ದಿನ ಇದೆಯಂತೆ.